ಅಪ್‌ಡೇಟ್ ಆಗಿದೆ, ಆದರೂ ಓಡುತ್ತಿರುವುದು ಹಳೆಯ ಲೈಬ್ರರಿ: ಪತ್ತೆ ಹಚ್ಚುವ ದಾರಿ

ಲಕ್ಷಣ ಹೀಗಿರುತ್ತದೆ. ನೆಟ್‌ವರ್ಕ್ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ (ಲೈಬ್ರರಿ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಸೆಕ್ಯುರಿಟಿ ಅಪ್‌ಡೇಟ್ ಬಂದಿದೆ, ನೀವು ಹಾಕಿದ್ದೀರಿ, ಉಬುಂಟು ಲಿನಕ್ಸಿನ ಪ್ಯಾಕೇಜ್ ಮ್ಯಾನೇಜರ್ ಆಪ್ಟನ್ನು ಕೇಳಿದರೆ ಹಾಕುವುದು ಇನ್ನೇನೂ ಉಳಿದಿಲ್ಲ ಅನ್ನುತ್ತದೆ. ಎರಡು ದಿನ ಬಿಟ್ಟು, ದೋಷ ಹುಡುಕುವ ಸ್ಕ್ಯಾನರಿನ ರಿಪೋರ್ಟ್ ಬರುತ್ತದೆ. ಅದೇ ಸರ್ವರ್, ಅದೇ ದೋಷದ ನಂಬರ್, ಅದೇ ಕೆಂಪು ಸಾಲು. ಈಗ ಯಾರನ್ನು ನಂಬಬೇಕು?

ಇಬ್ಬರನ್ನೂ ಪೂರ್ತಿ ನಂಬಬೇಡಿ. ಪ್ರೋಸೆಸ್ಸನ್ನೇ, ಅಂದರೆ ಈಗ ಮೆಮೊರಿಯಲ್ಲಿ ಓಡುತ್ತಿರುವ ಪ್ರೋಗ್ರಾಮನ್ನೇ ಕೇಳಿ. ನಾನು ಹೇಳಬೇಕೆಂದಿರುವುದು ಇದೊಂದೇ, ಉಳಿದದ್ದೆಲ್ಲ ಹೇಗೆ ಕೇಳಬೇಕು ಅನ್ನುವ ವಿವರ.

ನನಗೆ ಇದು ಮನದಟ್ಟಾದದ್ದು 2022ರ ನವೆಂಬರಿನಲ್ಲಿ. ಆ ತಿಂಗಳ 1ನೇ ತಾರೀಕು ಓಪನ್‌ಎಸ್‌ಎಸ್‌ಎಲ್ 3.0.7 ಬಂತು. ಗಂಭೀರವಾದ ದೋಷವೊಂದಕ್ಕೆ ತೇಪೆ ಬರಲಿದೆ ಅಂತ ಒಂದು ವಾರ ಮೊದಲೇ ಹೇಳಿಟ್ಟಿದ್ದರು, ಹಾಗಾಗಿ ಸರ್ವರ್ ನೋಡಿಕೊಳ್ಳುವವರೆಲ್ಲ ಕಾಯುತ್ತಾ ಕೂತಿದ್ದೆವು. ದೋಷ ಇದ್ದದ್ದು 3.0.0ರಿಂದ 3.0.6ರವರೆಗೆ. ಹಳೆಯ 1.1.1 ಇಟ್ಟುಕೊಂಡವರಿಗೆ ತೊಂದರೆ ಇರಲಿಲ್ಲ. ನಮ್ಮದು ಉಬುಂಟು 22.04, ಅದರಲ್ಲಿ ಇರುವುದು 3.0.2, ಅಂದರೆ ತೊಂದರೆ ಇದ್ದದ್ದೇ. ಬಂದ ರಾತ್ರಿಯೇ ಅಪ್‌ಡೇಟ್ ಹಾಕಿದೆ, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡಿದೆ, ಮುಗಿಯಿತು ಅಂದುಕೊಂಡೆ.

ವಾರದ ಮೇಲೆ ಕ್ಲೈಂಟ್ ಕಡೆಯಿಂದ ಆಡಿಟ್ ರಿಪೋರ್ಟ್ ಬಂತು. ಸರ್ವರಿನಲ್ಲಿ 3.0.2 ಇದೆ, ಅದು 3.0.7ಕ್ಕಿಂತ ಹಳೆಯದು, ಆದ್ದರಿಂದ ದೋಷವಿದೆ ಅಂತ ಬರೆದಿದ್ದರು. ಉಬುಂಟು ವರ್ಷನ್ ನಂಬರ್ ಬದಲಿಸದೆ ತೇಪೆ ಮಾತ್ರ ಹಾಕುತ್ತದೆ ಅಂತ ನಾನು ವಿವರಿಸಿ ಟಿಕೆಟ್ ಮುಚ್ಚಿದೆ. ನನ್ನ ವಿವರಣೆ ಸರಿಯಾಗಿತ್ತು. ಸರ್ವರ್ ಸರಿಯಿರಲಿಲ್ಲ. ಯಾರೋ ಸೆಪ್ಟೆಂಬರಿನಲ್ಲಿ ಟಿಮಕ್ಸ್ (ಲಾಗ್‌ಔಟ್ ಆದರೂ ಟರ್ಮಿನಲ್ ಓಡುತ್ತಲೇ ಇರುವಂತೆ ಮಾಡುವ ಟೂಲ್) ಒಳಗೆ ಕೈಯಾರೆ ಶುರು ಮಾಡಿದ, ಹಿನ್ನೆಲೆಯಲ್ಲಿ ಕೆಲಸ ಮಾಡುವ ಪೈಥಾನ್ ವರ್ಕರ್ ಪ್ರೋಗ್ರಾಂ ಒಂದು ಅಲ್ಲಿಯವರೆಗೂ ನಿಲ್ಲದೆ ಓಡುತ್ತಿತ್ತು, ಅದರ ಮೆಮೊರಿಯಲ್ಲಿ ತೇಪೆ ಇಲ್ಲದ ಲೈಬ್ರರಿಯೇ ಕೂತಿತ್ತು. ರಿಪೋರ್ಟ್ ಕೊಟ್ಟ ಕಾರಣ ತಪ್ಪು, ಹೇಳಿದ ವಿಷಯ ನಿಜ.

ಆ ದೋಷ ಇದ್ದದ್ದು ಸರ್ಟಿಫಿಕೇಟ್ (ಎದುರಿನವರು ಯಾರು ಅಂತ ತೋರಿಸುವ ಡಿಜಿಟಲ್ ಗುರುತಿನ ಚೀಟಿ) ಪರಿಶೀಲಿಸುವ ಭಾಗದಲ್ಲಿ. ಮಾಮೂಲಿ ವೆಬ್ ಸರ್ವರ್ ತನ್ನ ಬಳಿ ಬರುವವರ ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಹೊರಗಿನ ಸರ್ವರುಗಳಿಗೆ ತಾನೇ ಹೋಗಿ ಕನೆಕ್ಟ್ ಆಗುವ ಪ್ರೋಗ್ರಾಂ ಮಾತ್ರ ಪ್ರತಿ ಸಲ ಅವರ ಸರ್ಟಿಫಿಕೇಟ್ ಪರಿಶೀಲಿಸುತ್ತದೆ. ನಮ್ಮ ವರ್ಕರ್ ಮಾಡುತ್ತಿದ್ದದ್ದು ಅದೇ ಕೆಲಸ. ಅಂದರೆ ನಾನು ರೀಸ್ಟಾರ್ಟ್ ಮಾಡಿದ್ದು ಅಪಾಯ ಕಡಿಮೆ ಇದ್ದದ್ದನ್ನು, ಬಿಟ್ಟದ್ದು ಅಪಾಯ ಜಾಸ್ತಿ ಇದ್ದದ್ದನ್ನು. ಹಾಗಾಗಿ ದೋಷದ ವಿವರಣೆ ಬಂದಾಗ ನಂಬರ್ ನೋಡಿ ಬಿಡಬೇಡಿ, ಎರಡು ಪ್ಯಾರಾ ಓದಿ. ಯಾವ ಪ್ರೋಸೆಸ್ ಮೊದಲು ರೀಸ್ಟಾರ್ಟ್ ಆಗಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹೀಗೇಕೆ ಆಗುತ್ತದೆ

ಲಿನಕ್ಸಿನಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಹೆಸರು ಅನ್ನುವುದು ಒಂದು ಬೋರ್ಡ್ ಅಷ್ಟೇ, ಹಿಂದೆ ಇರುವ ನಿಜವಾದ ವಸ್ತುವಿಗೆ ಐನೋಡ್ ಅನ್ನುತ್ತಾರೆ. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಯ ಐನೋಡನ್ನು ತನ್ನ ಮೆಮೊರಿಗೆ ಜೋಡಿಸಿಕೊಳ್ಳುತ್ತದೆ. ಆಮೇಲೆ ಪ್ಯಾಕೇಜ್ ಮ್ಯಾನೇಜರ್ ಬಂದು ಹೊಸ ಲೈಬ್ರರಿಯನ್ನು ಬೇರೆ ಹೆಸರಿನಲ್ಲಿ ಬರೆದು, ಕೊನೆಗೆ ಹಳೆಯ ಹೆಸರಿಗೆ ಅದನ್ನು ಕೂರಿಸುತ್ತದೆ. ಬೋರ್ಡ್ ಈಗ ಹೊಸದರ ಕಡೆ ತೋರಿಸುತ್ತದೆ. ಆದರೆ ಹಳೆಯ ಐನೋಡನ್ನು ಯಾರಾದರೂ ಹಿಡಿದುಕೊಂಡಿರುವವರೆಗೆ ಲಿನಕ್ಸಿನ ತಿರುಳಾದ ಕರ್ನೆಲ್ ಅದನ್ನು ಅಳಿಸುವುದಿಲ್ಲ. ಬಾವಿ ತೊಳೆಸಿ ಹೊಸ ನೀರು ಬಂದರೂ ಬಚ್ಚಲ ಹಂಡೆಯಲ್ಲಿ ನಿನ್ನೆ ಸೇದಿಟ್ಟ ನೀರೇ ಇರುತ್ತದೆ ಅಲ್ವಾ, ಹಾಗೆ. ಹಂಡೆ ಖಾಲಿ ಮಾಡಿ ಮತ್ತೆ ತುಂಬಿಸಬೇಕು.

ಇದು ಲಿನಕ್ಸಿನ ಕೊರತೆ ಅಲ್ಲ, ಒಳ್ಳೆಯ ಗುಣ. ಓಡುತ್ತಿರುವ ಸರ್ವಿಸ್ ಅಪ್‌ಡೇಟ್ ಮಧ್ಯೆ ಬೀಳದೆ ನಿಲ್ಲುವುದು ಈ ಕಾರಣಕ್ಕೇ. ಯಾರಾದರೂ ಆತುರದಲ್ಲಿ ಹೊಸ ಲೈಬ್ರರಿ ಫೈಲನ್ನು ಹಳೆಯದರ ಮೇಲೆ ನೇರವಾಗಿ ಕಾಪಿ ಮಾಡಿದರೆ ಐನೋಡ್ ಅದೇ ಉಳಿದು ಒಳಗಿನ ಬೈಟುಗಳು ಮಾತ್ರ ಬದಲಾಗುತ್ತವೆ, ಆಗ ಅದನ್ನು ಹಿಡಿದುಕೊಂಡ ಪ್ರೋಸೆಸ್ಸುಗಳು ಒಂದೊಂದಾಗಿ ಕ್ರ್ಯಾಶ್ ಆಗಬಹುದು. ಸಿಸ್ಟಂ ಲೈಬ್ರರಿಗಳನ್ನು ಕೈಯಿಂದ ಕಾಪಿ ಮಾಡಬೇಡಿ. ದಯವಿಟ್ಟು.

ಮೊದಲು ಡಿಸ್ಕ್ ನೋಡಿ

ಮೆಮೊರಿಗೆ ಹೋಗುವ ಮೊದಲು ಪ್ಯಾಕೇಜ್ ನಿಜವಾಗಿ ಬಂದಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಇದು ಎರಡು ನಿಮಿಷದ ಕೆಲಸ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಆಪ್ಟ್ ಪಾಲಿಸಿ’ ಕಮಾಂಡಿಗೆ ಲೈಬ್ರರಿ ಪ್ಯಾಕೇಜಿನ ಹೆಸರು ಕೊಟ್ಟರೆ ಈಗ ಇರುವ ವರ್ಷನ್ ಯಾವುದು, ಸಿಗುವ ವರ್ಷನ್ ಯಾವುದು ಅಂತ ಎರಡೂ ಕಾಣುತ್ತವೆ. ಗಮನಿಸಿ, ಪ್ಯಾಕೇಜಿನ ಹೆಸರು ‘ಓಪನ್‌ಎಸ್‌ಎಸ್‌ಎಲ್’ ಅಲ್ಲ. ಅದು ಟರ್ಮಿನಲ್ಲಿನಲ್ಲಿ ಬಳಸುವ ಕಮಾಂಡಿನ ಪ್ಯಾಕೇಜ್. ಲೈಬ್ರರಿ ಇರುವುದು 22.04ರಲ್ಲಿ ‘ಲಿಬ್‌ಎಸ್‌ಎಸ್‌ಎಲ್3’ ಅನ್ನುವುದರಲ್ಲಿ. ಬರೀ ಕಮಾಂಡನ್ನು ಅಪ್‌ಡೇಟ್ ಮಾಡಿ ಸುಮ್ಮನಾದವರನ್ನು ನೋಡಿದ್ದೇನೆ.

ಎರಡು ವರ್ಷನ್ ಬೇರೆ ಬೇರೆ ಇದ್ದರೆ ಅಪ್‌ಡೇಟ್ ಬಂದಿಲ್ಲ ಅಂತಲೇ ಅರ್ಥ. ಯಾರಾದರೂ ಪ್ಯಾಕೇಜನ್ನು ಹೋಲ್ಡ್ ಮಾಡಿರಬಹುದು, ಅಂದರೆ ಅಪ್‌ಡೇಟ್ ಆಗದಂತೆ ತಡೆದಿರಬಹುದು, ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಹೇಳಿಬಿಡುತ್ತದೆ. ಡಿಸ್ಕ್ ತುಂಬಿ ಅಪ್‌ಡೇಟ್ ಅರ್ಧಕ್ಕೆ ನಿಂತಿರಬಹುದು, ಹಾಗಿದ್ದರೆ ಮೊದಲು ಜಾಗ ಮಾಡಿ, ಆಮೇಲೆ ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ‘ಡಿಪಿಕೆಜಿ’ಗೆ ಬಾಕಿ ಇರುವ ಕಾನ್ಫಿಗರ್ ಕೆಲಸ ಮುಗಿಸಲು ಹೇಳಿ. ಲಾಕ್ ಫೈಲಿನ ಬಗ್ಗೆ ದೂರು ಬಂದರೆ ಹಿನ್ನೆಲೆಯಲ್ಲಿ ತಾನಾಗಿಯೇ ಅಪ್‌ಡೇಟ್ ನಡೆಯುತ್ತಿದೆ ಅಂತ ಇರಬಹುದು. ಕಾಯಿರಿ. ಆ ಲಾಕ್ ಫೈಲನ್ನು ಅಳಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಅದನ್ನು ಪಾಲಿಸಿದರೆ ಎರಡು ಅಪ್‌ಡೇಟ್ ಒಟ್ಟಿಗೆ ಓಡಿ ಪ್ಯಾಕೇಜುಗಳ ಲೆಕ್ಕವೇ ಕೆಡಬಹುದು.

ಎರಡು ವರ್ಷನ್ ಒಂದೇ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ನಿಮ್ಮ ಉಬುಂಟುವಿಗೆ ಅಪ್‌ಡೇಟ್ ಇನ್ನೂ ಬರುತ್ತಿದೆಯೇ? 18.04ರ ಮಾಮೂಲಿ ಬೆಂಬಲ 2023ರ ಮೇ ತಿಂಗಳಿಗೆ ಮುಗಿಯಿತು, 20.04ರದ್ದು 2025ರ ಮೇಗೆ. ಬೆಂಬಲ ಮುಗಿದ ಮೇಲೆ ಆಪ್ಟ್ ಕಿರುಚಿ ಹೇಳುವುದಿಲ್ಲ. ಹಾಕಲು ಹೊಸದೇನೂ ಇಲ್ಲ ಅನ್ನುತ್ತದೆ. ನೋಡಿದವರಿಗೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಉಬುಂಟು ಪ್ರೋ ಜೋಡಿಸಿದರೆ ಆಮೇಲೂ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಸ್ವಂತ ಬಳಕೆಗೆ 5 ಯಂತ್ರಗಳವರೆಗೆ ಉಚಿತ. ಸೆಂಟ್‌ಓಎಸ್ 7 ಇಟ್ಟುಕೊಂಡವರಿಗೆ 2024ರ ಜೂನ್ 30ರಿಂದ ಅಪ್‌ಡೇಟ್ ನಿಂತಿದೆ, ಅಲ್ಲಿ ಪತ್ತೆ ಹಚ್ಚುವುದೇನೂ ಇಲ್ಲ, ಬೇರೆ ಸಿಸ್ಟಂಗೆ ಹೋಗಬೇಕು.

ವರ್ಷನ್ ನಂಬರಿನ ಗೊಂದಲ

ಸ್ಕ್ಯಾನರುಗಳು ತುಂಬ ಸಲ ಎಡವುವುದು ಇಲ್ಲಿ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಇವರೆಲ್ಲ ಒಂದು ಬಿಡುಗಡೆಯಲ್ಲಿ ಯಾವ ವರ್ಷನ್ ಕೊಟ್ಟರೋ ಸಾಮಾನ್ಯವಾಗಿ ಅದನ್ನೇ ಇಟ್ಟುಕೊಂಡು, ಸೆಕ್ಯುರಿಟಿ ತೇಪೆಯನ್ನು ಮಾತ್ರ ಅದಕ್ಕೆ ಹೊಲಿಯುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೋಷ ಬಂದಾಗ ಮೂಲ ಓಪನ್‌ಎಸ್‌ಎಸ್‌ಎಲ್ ಅದನ್ನು 1.0.1ಜಿ ವರ್ಷನ್ನಿನಲ್ಲಿ ಸರಿ ಮಾಡಿತು. ಆದರೆ ಡೆಬಿಯನ್ 7ರಲ್ಲಿ ತೇಪೆ ಹಾಕಿದ ಮೇಲೂ 1.0.1ಇ ಅಂತಲೇ ಇತ್ತು, ಬಾಲದ ನಂಬರ್ ಮಾತ್ರ ಬದಲಾಗಿತ್ತು. ನಮ್ಮ 2022ರ ಪ್ರಕರಣದಲ್ಲೂ ಅಷ್ಟೇ. ಉಬುಂಟು 22.04ರಲ್ಲಿ ಸರಿಯಾದ ಪ್ಯಾಕೇಜ್ 3.0.2-0ಉಬುಂಟು1.7. ಮುಖ್ಯವಾದದ್ದು ಕೊನೆಯ ಆ 1.7.

ಹಾಗಾಗಿ ತೇಪೆ ಬಂದಿದೆಯೇ ಅಂತ ತಿಳಿಯಲು ಮೂಲ ಯೋಜನೆಯ ವರ್ಷನ್ ಜೊತೆ ಹೋಲಿಸಬೇಡಿ. ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದು ಅದರಲ್ಲಿ ಸಿವಿಇ ನಂಬರ್, ಅಂದರೆ ಆ ದೋಷದ ಗುರುತಿನ ನಂಬರ್ ಹುಡುಕಿ. ಸಿಕ್ಕರೆ ತೇಪೆ ಬಂದಿದೆ. ರೆಡ್ ಹ್ಯಾಟ್ ಬಳಗದಲ್ಲಿ ‘ಆರ್‌ಪಿಎಂ’ ಕಮಾಂಡಿನಿಂದಲೇ ಚೇಂಜ್‌ಲಾಗ್ ನೋಡಬಹುದು. ಆಡಿಟ್ ಮಾಡುವವರಿಗೆ ಉತ್ತರ ಬರೆಯುವಾಗ ಆ ಸಾಲನ್ನೇ ಅಂಟಿಸಿದರೆ ವಾದ ಬೇಗ ಮುಗಿಯುತ್ತದೆ.

‘ಓಪನ್‌ಎಸ್‌ಎಸ್‌ಎಲ್ ವರ್ಷನ್’ ಅಂತ ಕಮಾಂಡ್ ಕೊಟ್ಟರೆ 3.0 ಬಳಗದಲ್ಲಿ ಎರಡು ವರ್ಷನ್ ತೋರಿಸುತ್ತದೆ: ಒಂದು ಕಮಾಂಡಿನದು, ಆಮೇಲೆ ಆವರಣದ ಒಳಗೆ ‘ಲೈಬ್ರರಿ’ ಅಂತ ಬರೆದು ಇನ್ನೊಂದು. ಎರಡನೆಯದು ಈ ಕ್ಷಣ ನಿಜವಾಗಿ ಲೋಡ್ ಆದ ಲೈಬ್ರರಿಯದು. ಸಾಮಾನ್ಯವಾಗಿ ಎರಡೂ ಒಂದೇ ಇರುತ್ತವೆ. ಬೇರೆ ಇದ್ದರೆ ನಿಲ್ಲಿ, ನಿಮ್ಮ ಯಂತ್ರದಲ್ಲಿ ಇನ್ನೊಂದು ಪ್ರತಿ ಎಲ್ಲೋ ಅಡಗಿದೆ. ಅದರ ಕಥೆ ಮುಂದೆ ಬರುತ್ತದೆ.

ಈಗ ಪ್ರೋಸೆಸ್ಸನ್ನು ಕೇಳಿ

ಇಲ್ಲಿಂದ ಮುಂದೆ ಎಲ್ಲವನ್ನೂ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಮಾಡಿ. ಮಾಮೂಲಿ ಬಳಕೆದಾರರಾಗಿ ನೋಡಿದರೆ ನಿಮ್ಮ ಪ್ರೋಸೆಸ್ಸುಗಳ ಒಳಗಿನ ವಿವರ ಮಾತ್ರ ಕಾಣುತ್ತದೆ, ಉಳಿದವುಗಳದ್ದು ಕಾಣುವುದಿಲ್ಲ, ಪಟ್ಟಿ ಖಾಲಿ ಬಂದದ್ದನ್ನು ನೋಡಿ ನೆಮ್ಮದಿಯಾಗಿಬಿಡುತ್ತೀರಿ. ಅದು ಸುಳ್ಳು ನೆಮ್ಮದಿ.

ಎಲ್ಲಕ್ಕಿಂತ ಸರಳ ದಾರಿಗೆ ಯಾವ ವಿಶೇಷ ಟೂಲೂ ಬೇಡ. ಲೈಬ್ರರಿ ಯಾವಾಗ ಅಪ್‌ಡೇಟ್ ಆಯಿತು ಅಂತ ಡಿಪಿಕೆಜಿಯ ಲಾಗಿನಲ್ಲಿ ನೋಡಿ. ಪ್ರೋಸೆಸ್ ಯಾವಾಗ ಶುರುವಾಯಿತು ಅಂತ ‘ಪಿಎಸ್’ ಕಮಾಂಡಿನಲ್ಲಿ ನೋಡಿ. ಪ್ರೋಸೆಸ್ ಮೊದಲು ಶುರುವಾಗಿ ಲೈಬ್ರರಿ ಆಮೇಲೆ ಬದಲಾಗಿದ್ದರೆ, ಮತ್ತು ಆ ಪ್ರೋಸೆಸ್ ಆ ಲೈಬ್ರರಿಯನ್ನು ಶುರುವಿನಲ್ಲೇ ಎತ್ತಿಕೊಳ್ಳುವಂಥದ್ದಾಗಿದ್ದರೆ, ಅದರ ಕೈಯಲ್ಲಿರುವುದು ಹಳೆಯದೇ. ಬೇರೆ ಸಾಕ್ಷಿ ಬೇಕಿಲ್ಲ.

ಸಾಕ್ಷಿ ಬೇಕೇ ಬೇಕು ಅಂದರೆ ‘ಪ್ರಾಕ್’ ಫೋಲ್ಡರಿನ ಒಳಗೆ ಹೋಗಿ. ಪ್ರತಿ ಪ್ರೋಸೆಸ್ಸಿಗೂ ಅದರ ನಂಬರಿನ ಹೆಸರಲ್ಲಿ ಒಂದು ಫೋಲ್ಡರ್ ಇದೆ, ಅದರಲ್ಲಿ ‘ಮ್ಯಾಪ್ಸ್’ ಅನ್ನುವ ಫೈಲ್ ಇದೆ. ಆ ಪ್ರೋಸೆಸ್ ಮೆಮೊರಿಗೆ ಜೋಡಿಸಿಕೊಂಡ ಪ್ರತಿ ಫೈಲೂ ಅಲ್ಲಿ ಸಾಲಾಗಿ ಇರುತ್ತದೆ. ಅಪ್‌ಡೇಟ್ ಆದ ಲೈಬ್ರರಿಯ ಹಳೆಯ ಪ್ರತಿ ಇದ್ದರೆ ಸಾಲಿನ ಕೊನೆಗೆ ‘ಡಿಲೀಟೆಡ್’ ಅಂತ ಬರೆದಿರುತ್ತದೆ. ನಮ್ಮ ವರ್ಕರಿನ ಮ್ಯಾಪ್ಸ್ ಫೈಲಿನಲ್ಲಿ ಲಿಬ್‌ಎಸ್‌ಎಸ್‌ಎಲ್ ಸಾಲಿನ ಕೊನೆಗೆ ಆ ಪದ ನೋಡಿದಾಗ ಟಿಕೆಟ್ ಮತ್ತೆ ತೆರೆಯದೆ ಬೇರೆ ದಾರಿ ಇರಲಿಲ್ಲ.

ಡಿಲೀಟೆಡ್ ಅಂತ ಕಂಡದ್ದೆಲ್ಲ ಹಳೆಯ ಲೈಬ್ರರಿ ಅಂತ ಮಾತ್ರ ಅಂದುಕೊಳ್ಳಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ‘ದೇವ್ ಝೀರೋ’ ಸಾಲಿನ ಮುಂದೆಯೂ ಅದೇ ಪದ ಇರುತ್ತದೆ. ಅದು ಪ್ರೋಸೆಸ್ಸುಗಳು ಹಂಚಿಕೊಳ್ಳುವ ಮೆಮೊರಿ, ಅದರಲ್ಲಿ ತಪ್ಪೇನೂ ಇಲ್ಲ. ‘ಮೆಮ್‌ಎಫ್‌ಡಿ’ ಅಂತ ಶುರುವಾಗುವ ಸಾಲುಗಳೂ ಹಾಗೆಯೇ. ಹೆಸರಿನಲ್ಲಿ ಲೈಬ್ರರಿ ಫೈಲಿನ ಗುರುತಾದ ‘ಡಾಟ್ ಎಸ್ಓ’ ಇರುವ ಸಾಲುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಡೀ ಯಂತ್ರದ ಲೆಕ್ಕ ಒಟ್ಟಿಗೆ ಬೇಕಿದ್ದರೆ ಯಾವ ಪ್ರೋಸೆಸ್ ಯಾವ ಫೈಲ್ ಹಿಡಿದಿದೆ ಅಂತ ಪಟ್ಟಿ ಕೊಡುವ ‘ಎಲ್‌ಎಸ್‌ಓಎಫ್’ ಓಡಿಸಿ, ಎಫ್‌ಡಿ ಅನ್ನುವ ಕಾಲಮ್ಮಿನಲ್ಲಿ ‘ಡಿಇಎಲ್’ ಇರುವ ಸಾಲುಗಳನ್ನು ಹೆಕ್ಕಿ. ಅದಕ್ಕಿಂತ ಸುಲಭ ‘ನೀಡ್‌ರೀಸ್ಟಾರ್ಟ್’. ಉಬುಂಟು 22.04 ಸರ್ವರಿನಲ್ಲಿ ಅಪ್‌ಡೇಟ್ ಮುಗಿದ ಮೇಲೆ ‘ಯಾವ ಸರ್ವಿಸ್ ರೀಸ್ಟಾರ್ಟ್ ಮಾಡಲಿ’ ಅಂತ ಟಿಕ್ ಗುರುತುಗಳ ಪಟ್ಟಿ ಹಿಡಿದು ಬರುತ್ತದಲ್ಲ, ಅದೇ ಇದು. ಆ ಪರದೆ ಬಂದ ಕೂಡಲೇ ಕ್ಯಾನ್ಸಲ್ ಒತ್ತುವ ಅಭ್ಯಾಸ ತುಂಬ ಜನಕ್ಕಿದೆ. ಒತ್ತಬೇಡಿ, ಓದಿ. ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಬಳಸುವ ಸರ್ವಿಸ್) ಥರದ ಕೆಲವು ಸರ್ವಿಸ್‌ಗಳಿಗೆ ಅದು ತಾನಾಗಿ ಟಿಕ್ ಹಾಕಿರುವುದಿಲ್ಲ, ಯಾಕೆಂದರೆ ಅವನ್ನು ಓಡುತ್ತಿರುವಾಗ ರೀಸ್ಟಾರ್ಟ್ ಮಾಡಿದರೆ ಬೇರೆ ತೊಂದರೆ ಆಗಬಹುದು. ಅವು ಪಟ್ಟಿಯಲ್ಲಿ ಉಳಿದಿದ್ದರೆ ಯಂತ್ರವನ್ನೇ ರೀಬೂಟ್ ಮಾಡಬೇಕು ಅಂತ ಅರ್ಥ.

ಆ ಪಟ್ಟಿಯ ಕೆಳಗೆ ಇನ್ನೊಂದು ಭಾಗ ಇರುತ್ತದೆ: ಹಳೆಯ ಫೈಲ್ ಹಿಡಿದುಕೊಂಡಿರುವ ಬಳಕೆದಾರರ ಸೆಷನ್‌ಗಳು. ಇವು ಸರ್ವಿಸ್ ಅಲ್ಲದ ಕಾರಣ ಯಾವ ಟೂಲೂ ಇವನ್ನು ತಾನಾಗಿ ರೀಸ್ಟಾರ್ಟ್ ಮಾಡುವುದಿಲ್ಲ. ಟಿಮಕ್ಸ್, ಸ್ಕ್ರೀನ್, ನೋಹಪ್ ಬಳಸಿ ಯಾರೋ ಬಿಟ್ಟುಹೋದ ಪ್ರೋಗ್ರಾಂಗಳು ಇಲ್ಲೇ ಇರುತ್ತವೆ, ನಮ್ಮ ವರ್ಕರ್ ಇದ್ದದ್ದೂ ಇಲ್ಲೇ. ಎರಡು ತಿಂಗಳು ನಿಲ್ಲದೆ ಓಡಬೇಕಾದ ಪ್ರೋಗ್ರಾಂ ಇದ್ದರೆ ಅದಕ್ಕೆ ಸಿಸ್ಟಂಡಿ (ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಸರ್ವಿಸ್ ಬರೆದುಬಿಡಿ, ಹತ್ತು ಸಾಲಿನ ಕೆಲಸ.

ನೀಡ್‌ರೀಸ್ಟಾರ್ಟ್ ಬಳಸುವವರು ಅದನ್ನೂ ಅಪ್‌ಡೇಟ್ ಮಾಡಿಕೊಂಡಿರಬೇಕು. ಮಾಮೂಲಿ ಬಳಕೆದಾರ ರೂಟ್ ಆಗಲು ದಾರಿ ಕೊಡುವ ದೋಷಗಳು ಅದರಲ್ಲೇ ಇದ್ದವು, 2024ರ ನವೆಂಬರಿನಲ್ಲಿ ಬಯಲಿಗೆ ಬಂದವು, 3.8ರಲ್ಲಿ ಸರಿಯಾದವು. ಉಬುಂಟು, ಡೆಬಿಯನ್ ಥರದ ಡಿಸ್ಟ್ರೋಗಳು ಇಲ್ಲೂ ಬ್ಯಾಕ್‌ಪೋರ್ಟ್ ಮಾಡಿವೆ, ಹಾಗಾಗಿ ಮೇಲೆ ಹೇಳಿದ ಚೇಂಜ್‌ಲಾಗ್ ದಾರಿಯಲ್ಲೇ ನೋಡಿ.

ರೆಡ್ ಹ್ಯಾಟ್, ಆಲ್ಮಾ, ರಾಕಿ ಇವುಗಳಲ್ಲಿ ಇದೇ ಕೆಲಸಕ್ಕೆ ‘ನೀಡ್ಸ್-ರೀಸ್ಟಾರ್ಟಿಂಗ್’ ಇದೆ. ಓಪನ್‌ಸೂಸೆಯಲ್ಲಿ ‘ಝಿಪ್ಪರ್ ಪಿಎಸ್’. ಬೇರೆ ಹೆಸರು, ಅದೇ ಕೆಲಸ.

‘ಎಲ್‌ಡಿಡಿ’ ಕಮಾಂಡ್ ಇದಕ್ಕೆ ಉತ್ತರ ಕೊಡುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಅದು ಹೇಳುವುದು ಈ ಪ್ರೋಗ್ರಾಂ ಈಗ ಹೊಸದಾಗಿ ಶುರುವಾದರೆ ಯಾವ ಲೈಬ್ರರಿ ಎತ್ತಿಕೊಳ್ಳುತ್ತದೆ ಅಂತ. ಓಡುತ್ತಿರುವ ಪ್ರೋಸೆಸ್ ಏನು ಎತ್ತಿಕೊಂಡಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಬಾವಿ ತೋರಿಸುತ್ತದೆ, ಹಂಡೆ ಅಲ್ಲ.

ರೀಲೋಡ್ ಬೇರೆ, ರೀಸ್ಟಾರ್ಟ್ ಬೇರೆ

ಎಂಜಿನ್‌ಎಕ್ಸ್‌ಗೆ ರೀಲೋಡ್ (ನಿಲ್ಲಿಸದೆ ಕಾನ್ಫಿಗರೇಶನ್ ಮತ್ತೆ ಓದಿಸುವುದು) ಕೊಟ್ಟರೆ ಹೊಸ ವರ್ಕರ್ ಪ್ರೋಸೆಸ್ಸುಗಳು ಹುಟ್ಟುತ್ತವೆ, ಶುರುವಾದ ಸಮಯವೂ ಹೊಸದಾಗಿ ಕಾಣುತ್ತದೆ. ಆದರೆ ಅವನ್ನು ಹುಟ್ಟಿಸಿದ ಮಾಸ್ಟರ್ ಪ್ರೋಸೆಸ್ ಹಳೆಯದೇ. ಅದರ ಮೆಮೊರಿಯಲ್ಲಿ ಇದ್ದ ಲೈಬ್ರರಿಯೇ ಮಕ್ಕಳಿಗೂ ಬರುತ್ತದೆ. ಹತ್ತು ಸಲ ರೀಲೋಡ್ ಮಾಡಿದರೂ ಅಷ್ಟೇ. ಹಾಗಾಗಿ ಸಮಯ ನೋಡುವಾಗ ಮಾಸ್ಟರಿನ ಸಮಯ ನೋಡಿ. ಪೋಸ್ಟ್‌ಗ್ರೆಸ್ ಕೂಡ ಹೀಗೇ, ಪ್ರತಿ ಕನೆಕ್ಷನ್ನಿಗೆ ಹೊಸ ಪ್ರೋಸೆಸ್ ಹುಟ್ಟಿದರೂ ತಾಯಿ ಪ್ರೋಸೆಸ್ ಹಳೆಯದಾದರೆ ಎಲ್ಲವೂ ಹಳೆಯದೇ. ಡೇಟಾಬೇಸ್ ರೀಸ್ಟಾರ್ಟ್ ಮಾಡಲು ಯಾರಿಗೂ ಇಷ್ಟವಿರುವುದಿಲ್ಲ, ನನಗೂ ಇಲ್ಲ. ಆದರೂ ರಾತ್ರಿ ಒಂದು ಹೊತ್ತು ಗೊತ್ತು ಮಾಡಿ ಮಾಡಲೇಬೇಕು.

ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡಲು ಹೆದರುವವರಿಗೆ ಒಂದು ಮಾತು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಆ ಸರ್ವಿಸ್ ರೀಸ್ಟಾರ್ಟ್ ಆದರೆ ಹೊಸಬರನ್ನು ಕಾಯುವ ಮುಖ್ಯ ಪ್ರೋಸೆಸ್ ಮಾತ್ರ ಬದಲಾಗುತ್ತದೆ, ನೀವು ಕೂತಿರುವ ಕನೆಕ್ಷನ್ ಕಡಿಯುವುದಿಲ್ಲ. ಹಾಗಿದ್ದರೂ ಈಗಿನ ಕನೆಕ್ಷನ್ ಹಾಗೇ ಇಟ್ಟುಕೊಂಡು ಇನ್ನೊಂದು ಟರ್ಮಿನಲ್ಲಿನಿಂದ ಲಾಗಿನ್ ಆಗುತ್ತದೆಯೇ ಅಂತ ನೋಡಿದ ಮೇಲೆಯೇ ಹೊರಗೆ ಬನ್ನಿ.

ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಗೆ ಅಪ್‌ಡೇಟ್ ಬಂದರೆ ಯೋಚನೆ ಮಾಡಬೇಡಿ, ರೀಬೂಟ್ ಮಾಡಿ. ಯಂತ್ರದಲ್ಲಿ ಹೆಚ್ಚುಕಡಿಮೆ ಪ್ರತಿ ಪ್ರೋಸೆಸ್ ಅದನ್ನು ಹಿಡಿದುಕೊಂಡಿರುತ್ತದೆ, ಒಂದನೇ ನಂಬರಿನ ಸಿಸ್ಟಂಡಿ ಕೂಡ. 2015ರ ಜನವರಿಯಲ್ಲಿ ಘೋಸ್ಟ್ ಅನ್ನುವ ದೋಷ ಬಂದಾಗ ಹೆಸರಿನಿಂದ ಐಪಿ ವಿಳಾಸ ಹುಡುಕುವ ಕೆಲಸದಲ್ಲೇ ತಪ್ಪಿತ್ತು, ಯಾವ ಸರ್ವಿಸ್ ಆ ಕೆಲಸ ಮಾಡುತ್ತದೆ ಅಂತ ಒಂದೊಂದಾಗಿ ಲೆಕ್ಕ ಹಾಕುವುದಕ್ಕಿಂತ ರೀಬೂಟ್ ಬೇಗ ಮುಗಿಯುತ್ತಿತ್ತು. ರೀಬೂಟ್ ಮಾಡದೆ ಬಿಟ್ಟರೆ ಇನ್ನೊಂದು ವಿಚಿತ್ರ ತೊಂದರೆಯೂ ಬರಬಹುದು: ಹಳೆಯ ಜಿಲಿಬ್‌ಸಿ ಹಿಡಿದ ಪ್ರೋಸೆಸ್, ಬಳಕೆದಾರರ ಹೆಸರು ಹುಡುಕುವ ಭಾಗವನ್ನು ಡಿಸ್ಕಿನಿಂದ ಆಮೇಲೆ ಎತ್ತಿಕೊಳ್ಳಲು ಹೋಗುತ್ತದೆ, ಸಿಗುವುದು ಹೊಸದು, ಎರಡಕ್ಕೂ ಹೊಂದುವುದಿಲ್ಲ. ಅಪ್‌ಡೇಟ್ ಆದ ಮೇಲೆ ಯಾವುದೋ ಸರ್ವಿಸ್ ‘ಈ ಬಳಕೆದಾರ ಇಲ್ಲ’ ಅನ್ನಲು ಶುರು ಮಾಡಿದರೆ ಇದನ್ನೂ ಅನುಮಾನಿಸಿ.

ರೀಬೂಟ್ ಬೇಕೇ ಅಂತ ಉಬುಂಟು ತಾನೇ ಹೇಳುವುದೂ ಉಂಟು, ‘ವರ್ ರನ್’ ಫೋಲ್ಡರಿನಲ್ಲಿ ‘ರೀಬೂಟ್-ರಿಕ್ವೈರ್ಡ್’ ಅನ್ನುವ ಫೈಲ್ ಇಟ್ಟು. ಯಾವ ಪ್ಯಾಕೇಜ್ ಕೇಳಿತು ಅನ್ನುವುದು ಪಕ್ಕದ ಇನ್ನೊಂದು ಫೈಲಿನಲ್ಲಿರುತ್ತದೆ. ಫೈಲ್ ಇದ್ದರೆ ರೀಬೂಟ್ ಬೇಕು. ಇಲ್ಲದಿದ್ದರೆ ಬೇಡ ಅಂತ ಅರ್ಥವಲ್ಲ, ಪ್ಯಾಕೇಜ್ ಕೇಳಿಲ್ಲ ಅಂತ ಮಾತ್ರ. ಲೈವ್‌ಪ್ಯಾಚ್ ಇದೆ, ರೀಬೂಟ್ ಬೇಡ ಅನ್ನುವವರಿಗೆ: ಅದು ಕರ್ನೆಲ್ಲಿಗೆ ಮಾತ್ರ ತೇಪೆ ಹಾಕುತ್ತದೆ, ಲೈಬ್ರರಿಗಳನ್ನು ಮುಟ್ಟುವುದಿಲ್ಲ.

ರೀಸ್ಟಾರ್ಟ್ ಆದ ಮೇಲೂ ಹಳೆಯದೇ ಬಂದರೆ

ಆಗ ಬೇರೊಂದು ಪ್ರತಿ ಇದೆ. ಇದು ನಿಜವಾಗಿ ತಲೆ ತಿನ್ನುವ ಜಾಗ, ಯಾಕೆಂದರೆ ಪ್ಯಾಕೇಜ್ ಮ್ಯಾನೇಜರಿಗೆ ಆ ಪ್ರತಿ ಇರುವುದೇ ಗೊತ್ತಿರುವುದಿಲ್ಲ.

ಮೊದಲ ಅನುಮಾನ ‘ಯುಎಸ್‌ಆರ್ ಲೋಕಲ್ ಲಿಬ್’ ಫೋಲ್ಡರ್ ಮೇಲೆ. ಹಿಂದೆ ಯಾರೋ ಸೋರ್ಸ್ ಕೋಡಿನಿಂದ ಓಪನ್‌ಎಸ್‌ಎಸ್‌ಎಲ್ ಕಂಪೈಲ್ ಮಾಡಿ ಅಲ್ಲಿ ಇಟ್ಟಿರುತ್ತಾರೆ. ಉಬುಂಟುವಿನಲ್ಲಿ ಲೈಬ್ರರಿ ಹುಡುಕುವಾಗ ಸಿಸ್ಟಂ ಫೋಲ್ಡರಿಗಿಂತ ಮೊದಲು ಅದನ್ನೇ ನೋಡುವ ಹಾಗೆ ಕಾನ್ಫಿಗರ್ ಆಗಿದೆ, ಹಾಗಾಗಿ ಅದೇ ಹೆಸರಿನ ಹಳೆಯ ಪ್ರತಿ ಅಲ್ಲಿದ್ದರೆ ಅದೇ ಗೆಲ್ಲುತ್ತದೆ. ಮ್ಯಾಪ್ಸ್ ಫೈಲಿನಲ್ಲಿ ಡಿಲೀಟೆಡ್ ಅಂತ ಇರುವುದಿಲ್ಲ, ಪಾತ್ ಮಾತ್ರ ಬೇರೆ ಇರುತ್ತದೆ. ಆದ್ದರಿಂದ ಕೊನೆಯ ಪದ ಮಾತ್ರ ನೋಡದೆ ಇಡೀ ಪಾತ್ ಓದಿ. ಆ ಪ್ರತಿ ಬೇಡವಾಗಿದ್ದರೆ ಪಕ್ಕಕ್ಕಿಟ್ಟು, ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ ‘ಎಲ್‌ಡಿಕಾನ್ಫಿಗ್’ ಓಡಿಸಿ, ಆಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ. ಅದನ್ನು ಅವಲಂಬಿಸಿದ ಪ್ರೋಗ್ರಾಂ ಇದೆಯೇ ಅಂತ ಎಲ್‌ಡಿಡಿಯಲ್ಲಿ ಮೊದಲೇ ನೋಡಿಕೊಳ್ಳಿ, ಅದಕ್ಕೆ ಎಲ್‌ಡಿಡಿ ಸರಿಯಾದ ಟೂಲ್. ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಫೈಲಿನ ಮೇಲೆ ಮಾತ್ರ ಎಲ್‌ಡಿಡಿ ಓಡಿಸಬೇಡಿ, ಕೆಲವು ಸಂದರ್ಭದಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಬಹುದು. ಸರ್ವಿಸ್ ಫೈಲಿನಲ್ಲಿ ಯಾರಾದರೂ ‘ಎಲ್‌ಡಿ ಲೈಬ್ರರಿ ಪಾತ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟಿದ್ದಾರೆಯೇ ಅಂತಲೂ ನೋಡಿ.

ಎರಡನೆಯದು, ಪ್ರೋಗ್ರಾಂ ತನ್ನ ಲೈಬ್ರರಿಯನ್ನು ತಾನೇ ಹೊತ್ತು ತಂದಿರುವುದು. 2023ರ ಸೆಪ್ಟೆಂಬರಿನಲ್ಲಿ ಚಿತ್ರ ತೆರೆಯುವ ಲಿಬ್‌ವೆಬ್‌ಪಿ ಲೈಬ್ರರಿಯ ದೋಷ ಬಂತಲ್ಲ, ಅಲ್ಲಿ ಇದು ಎಲ್ಲರಿಗೂ ಕಣ್ಣಿಗೆ ಹೊಡೆದ ಹಾಗೆ ಕಂಡಿತು. ಸಿಸ್ಟಂ ಲೈಬ್ರರಿ ಅಪ್‌ಡೇಟ್ ಮಾಡಿದರೆ ಸಾಲಲಿಲ್ಲ. ಕ್ರೋಮ್, ಫೈರ್‌ಫಾಕ್ಸ್, ಎಲೆಕ್ಟ್ರಾನ್ (ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಚೌಕಟ್ಟು) ಮೇಲೆ ಕಟ್ಟಿದ ಆ್ಯಪ್‌ಗಳು ಒಂದೊಂದೂ ತಮ್ಮ ಪ್ರತಿ ಇಟ್ಟುಕೊಂಡಿದ್ದವು, ಪ್ರತಿಯೊಂದೂ ಬೇರೆ ಬೇರೆ ಅಪ್‌ಡೇಟ್ ಆಗಬೇಕಾಯಿತು. ಪೈಥಾನಿನ ಚಿತ್ರ ಲೈಬ್ರರಿ ಪಿಲ್ಲೋ ಕೂಡ 10.0.1ಕ್ಕೆ ಹೋಗಬೇಕಾಯಿತು. ಪೈಥಾನಿನಲ್ಲಿ ಈ ತೊಂದರೆ ಜಾಸ್ತಿ. ಪೈಥಾನಿನ ಪ್ಯಾಕೇಜ್ ಮ್ಯಾನೇಜರ್ ಪಿಪ್‌ನಿಂದ ಹಾಕಿದ ‘ಕ್ರಿಪ್ಟೋಗ್ರಫಿ’ ಪ್ಯಾಕೇಜ್ ಓಪನ್‌ಎಸ್‌ಎಸ್‌ಎಲ್ ಅನ್ನು ತನ್ನೊಳಗೇ ಬೆಸೆದುಕೊಂಡು ಬರುತ್ತದೆ, ‘ಸೈಕಾಪಿಜಿ2-ಬೈನರಿ’ ತನ್ನ ಪ್ರತಿ ಹೊತ್ತು ತರುತ್ತದೆ. ಅಧಿಕೃತ ನೋಡ್‌ಜೆಎಸ್ ಕೂಡ ಹೀಗೇ. ಇವಕ್ಕೆ ಆಪ್ಟ್ ಅಪ್‌ಡೇಟ್ ತಟ್ಟುವುದೇ ಇಲ್ಲ. ಪಿಪ್‌ನಲ್ಲಿ, ನೋಡ್‌ನಲ್ಲಿ ಬೇರೆಯಾಗಿಯೇ ಅಪ್‌ಡೇಟ್ ಮಾಡಬೇಕು. ಒಳಗೇ ಬೆಸೆದದ್ದು ಮ್ಯಾಪ್ಸ್ ಫೈಲಿನಲ್ಲಿ ಲೈಬ್ರರಿಯಾಗಿ ಕಾಣುವುದೂ ಇಲ್ಲ, ಆ ಪ್ಯಾಕೇಜಿನ ಬಿಡುಗಡೆ ಟಿಪ್ಪಣಿಯನ್ನೇ ಓದಬೇಕು.

ಮೂರನೆಯದು ಕಂಟೇನರ್, ಅಂದರೆ ಪ್ರೋಗ್ರಾಮನ್ನು ಅದರ ಲೈಬ್ರರಿಗಳ ಸಮೇತ ಬೇರೆಯಾಗಿ ಓಡಿಸುವ ಪೆಟ್ಟಿಗೆ. ಅದು ಏಳುವ ಅಚ್ಚಿಗೆ ಇಮೇಜ್ ಅನ್ನುತ್ತಾರೆ, ಓಡಿಸುವ ಟೂಲುಗಳಲ್ಲಿ ಒಂದು ಡಾಕರ್. ಡಾಕರ್ ಒಳಗೆ ಓಡುವ ಪ್ರೋಸೆಸ್ ಹೊರಗಿನ ಯಂತ್ರದ ಪಿಎಸ್ ಪಟ್ಟಿಯಲ್ಲೂ ಕಾಣುತ್ತದೆ. ಅದರ ಮ್ಯಾಪ್ಸ್ ತೆರೆದರೆ ಲೈಬ್ರರಿಯ ಪಾತ್ ಹೊರಗಿನ ಲೈಬ್ರರಿಯ ಹಾಗೇ ಇರುತ್ತದೆ. ಆದರೆ ಆ ಪಾತ್ ಕಂಟೇನರ್ ಒಳಗಿನದು, ಇಮೇಜ್ ಕಟ್ಟಿದ ದಿನದ ಪ್ರತಿ. ಹೊರಗೆ ಎಷ್ಟು ಅಪ್‌ಡೇಟ್ ಮಾಡಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಕಂಟೇನರನ್ನು ರೀಸ್ಟಾರ್ಟ್ ಮಾಡಿದರೆ ಅದೇ ಹಳೆಯ ಇಮೇಜಿನಿಂದ ಮತ್ತೆ ಏಳುತ್ತದೆ. ಬೇಸ್ ಇಮೇಜನ್ನು ಹೊಸದಾಗಿ ಎಳೆದು, ಕ್ಯಾಶ್ ಬಳಸದೆ ಇಮೇಜ್ ಮತ್ತೆ ಕಟ್ಟಿ, ಹೊಸ ಕಂಟೇನರ್ ಏಳಿಸಬೇಕು. ಕ್ಯಾಶ್ ಬಳಸಿದರೆ ಆಪ್ಟ್ ಅಪ್‌ಡೇಟ್ ಮಾಡುವ ಸಾಲು ಓಡದೆ ಹಿಂದಿನ ಫಲಿತಾಂಶವೇ ಬರುತ್ತದೆ, ಕಟ್ಟಿದ ತೃಪ್ತಿ ಮಾತ್ರ ಉಳಿಯುತ್ತದೆ. ಸ್ನ್ಯಾಪ್ ಮತ್ತು ಫ್ಲಾಟ್‌ಪ್ಯಾಕ್ ಆ್ಯಪ್‌ಗಳೂ ತಮ್ಮ ಲೈಬ್ರರಿ ತಾವೇ ತರುತ್ತವೆ, ಅವುಗಳ ಅಪ್‌ಡೇಟ್ ದಾರಿಯೂ ಬೇರೆ.

ಟಿಕೆಟ್ ಮುಚ್ಚುವಾಗ

ಆ ನವೆಂಬರಿನ ಟಿಕೆಟ್ ಮತ್ತೆ ತೆರೆದು ವರ್ಕರನ್ನು ಸಿಸ್ಟಂಡಿ ಸರ್ವಿಸ್ ಮಾಡಿ ರೀಸ್ಟಾರ್ಟ್ ಮಾಡಿದೆ. ಕ್ಲೈಂಟಿಗೆ ಎರಡನೇ ಉತ್ತರ ಬರೆಯಲು ಸಂಕೋಚವಾಯಿತು, ಆದರೂ ಬರೆದೆ. ಅದೇ ವಾರ ಉಳಿದ ಸರ್ವರುಗಳಲ್ಲಿ ರೂಟ್ ಆಗಿ ನೋಡಿದಾಗ ಇನ್ನೆರಡು ಕಡೆ ಅದೇ ಥರ ಟಿಮಕ್ಸ್ ಒಳಗಿನ ಪ್ರೋಗ್ರಾಂಗಳು ಸಿಕ್ಕವು.

ಅಲ್ಲಿಂದ ಲೈಬ್ರರಿ ಅಪ್‌ಡೇಟ್ ಟಿಕೆಟ್ ಮುಚ್ಚುವ ಮೊದಲು ನಾಲ್ಕು ವಿಷಯ ಅಂಟಿಸುತ್ತೇನೆ: ಸಿವಿಇ ನಂಬರ್ ಇರುವ ಚೇಂಜ್‌ಲಾಗ್ ಸಾಲು, ಡಿಪಿಕೆಜಿ ಲಾಗಿನ ಸಮಯ, ಆ ಲೈಬ್ರರಿ ಬಳಸುವ ಪ್ರತಿ ಮುಖ್ಯ ಪ್ರೋಸೆಸ್ ಶುರುವಾದ ಸಮಯ, ಮತ್ತು ಅದರ ಮ್ಯಾಪ್ಸ್ ಫೈಲಿನಲ್ಲಿ ಆ ಲೈಬ್ರರಿಯ ಒಂದು ಸಾಲು, ಪೂರ್ತಿ ಪಾತ್ ಸಮೇತ. ಕಂಟೇನರ್ ಇದ್ದರೆ ಒಳಗೆ ಹೋಗಿ ತೆಗೆದದ್ದು ಬೇರೆ. ಒಂದು ಸರ್ವರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಡೇಟಾಬೇಸ್ ರೀಸ್ಟಾರ್ಟ್ ಮರುದಿನ ರಾತ್ರಿಗೆ ಅಂತ ಇದ್ದರೆ ಟಿಕೆಟ್ ಮರುದಿನ ರಾತ್ರಿಯವರೆಗೆ ತೆರೆದೇ ಇರುತ್ತದೆ.